ಹನ್ನೆರಡು ಗಂಟೆಯ ಭೂಕಂಪ

“ಹೆಣ ಎಲ್ಗೂ ಓಡೋಗಲ್ಲ ಕಣೇ ಮುಂಡೆ, ಮೊದ್ಲು ಮರಳ್ ತುಂಬು!”

ಕೆಂಗೇರಿ ಗುಡ್ಡದ ಕಲ್ಲುಗಣಿಯ ಗುತ್ತಿಗೆದಾರ ರಾಮಯ್ಯ ಕೂಲಿಯ ಬೋರಮ್ಮನನ್ನು ಹತ್ತು ವರ್ಷದಿಂದ ಮುಂಡೆ ಎಂದೇ ಕರೆಯುತ್ತಿದ್ದ. ಮೊನ್ನೆ ಬಿರುಮಳೆಗೆ ಗುಡ್ಡ ಜಾರಿ, ಜ್ವರದಿಂದ ಗುಡಿಸಲಲ್ಲಿ ಮಲಗಿದ್ದ ಅವಳ ಗಂಡ ಕೆಂಚಪ್ಪ ಮಣ್ಣಡಿ ಸೇರಿದ ಮೇಲೆ ಆ ಬೈಗುಳ ನಿಜವಾಗಿತ್ತು. ರಾಮಯ್ಯನಿಗೆ ಮಾತ್ರ ಗುಡ್ಡ ಒಳ್ಳೆಯದನ್ನೇ ಮಾಡಿತ್ತು. ಜಾರಿದ ಮಣ್ಣನ್ನು ಮಳೆ ತೊಳೆದು ವೃಷಭಾವತಿ ಹೊಳೆಯ ತುಂಬ ಆಳೆತ್ತರ ಮರಳು ಕೂಡಿಸಿತ್ತು. ಅದು ಐವತ್ತನೇ ಇಸವಿ. ರಾಜಾಜಿನಗರದ ಹೊಸ ಮನೆಗಳು ಮರಳಿಗೆ ಕಾಯುತ್ತಿದ್ದವು. ಇನ್ನೂ ಮಣ್ಣಡಿಯಲ್ಲೇ ಇದ್ದ ಕೆಂಚಪ್ಪ ಕಾಯಬಹುದಿತ್ತು.

ತನಿಖೆಗೆ ಬಂದ ಸರ್ಕಾರಿ ಅಧಿಕಾರಿ ಗೋಪೀನಾಥ ರಾಯರು ಗುಡ್ಡದ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿದರು. ರಾಯರು ಓದಿದವರು. ವರದಿ ಬರೆಯುವ ಮೊದಲು ಕೂಲಿಗಳಿಗೂ ನಾಲ್ಕಕ್ಷರ ತಿಳಿಯಲೆಂದು ಬಿಡಿಸಿ ಹೇಳಿದರು.

“ನೋಡ್ರಪ್ಪ, ಹೋದ ತಿಂಗಳು ಸ್ವಾತಂತ್ರ್ಯದ ದಿನಾನೇ ಅಸ್ಸಾಮಲ್ಲಿ ಭೂಕಂಪ ಆಯ್ತು. ನೆಲ ಅಲ್ಲಾಡಿದ್ರೆ ಬೆಟ್ಟ ಒಳಗೊಳಗೇ ಬಿರುಕು ಬಿಡುತ್ತೆ. ಆಮೇಲೆ ಜೋರು ಮಳೆ ಬಂತೂಂದ್ರೆ ಜಾರುತ್ತೆ. ಮಣ್ಣು ಹೊಳೆಗಿಳಿದು ಹೊಳೆಯ ತಳಾನೇ ಮೇಲೇಳುತ್ತೆ. ಅಲ್ಲಿ ಆದದ್ದೂ ಅದೇ, ಇಲ್ಲಿ ಆದದ್ದೂ ಅದೇ. ದೈವೇಚ್ಛೆ.”

ರಾಮಯ್ಯ ಕೈಮುಗಿದ. ತನ್ನ ಗಣಿಗೆ ಅಷ್ಟು ದೂರದ ನೆಂಟಸ್ತನ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ.

ಬೋರಮ್ಮನಿಗೆ ಪಾಠ ಪೂರಾ ಅರ್ಥವಾಯಿತು. ಬಂಡೆ ಸಿಡಿಸುವ ಮದ್ದಿಗೆ ಬೆಂಕಿ ಹಚ್ಚುವ ಮೊದಲು ಕೆಂಪು ಬಾವುಟ ಬೀಸಿ ಕೂಗುವುದು ಅವಳ ಕೆಲಸ. ಸಿಡಿದಾಗಲೆಲ್ಲ ಗುಡಿಸಲಿನ ಮಡಕೆಗಳು ಗಡಗಡ ಎನ್ನುವುದನ್ನೂ, ಗುಡ್ಡದ ನೆತ್ತಿಯ ಬಿರುಕು ಬೆರಳಗಲದಿಂದ ಗೇಣಗಲ ಆದದ್ದನ್ನೂ ಕಂಡವಳು.

“ಬುದ್ದೀ, ಆ ಅಸ್ಸಾಮಿನ ಭೂಕಂಪ ದಿನಾ ಹನ್ನೆರಡು ಗಂಟ್ಗೇ ಬತ್ತದಾ?”

“ಏನಂದೆ?”

“ನಮ್ ಗುಡ್ಡ ದಿನಾ ಹನ್ನೆರಡಕ್ಕೇ ಅಳ್ಳಾಡ್ತದೆ. ಬಾವ್ಟ ಬೀಸೋಳು ನಾನೇ.”

“ಬಾಯ್ಮುಚ್ಚೇ ಲೌಡಿ!” ರಾಮಯ್ಯ ಕೈಯೆತ್ತಿದ.

ರಾಯರು ನಕ್ಕರು. “ಪಾಪ, ಬಿಡಿ. ಅಷ್ಟು ಮದ್ದಿಗೆಲ್ಲ ಗುಡ್ಡ ಕದಲಲ್ಲಮ್ಮ. ಬರೀ ಸದ್ದು ಅದು.” ಹಾಗೆಂದೇ ಕಾಗದದಲ್ಲಿ ಬರೆದರು.

ಬೋರಮ್ಮ ತಲೆಯ ಮೇಲಿದ್ದ ಮರಳಿನ ಮಂಕರಿ ಕೆಡವಿದಳು. ಸೊಂಟದ ಬಾವುಟ ಎಳೆದು ಬೀಸುತ್ತಾ, ಗಂಟಲು ಹರಿಯುವಂತೆ ಕೂಗಿದಳು.

“ಮದ್ದೋ... ಮದ್ದು! ಓಡ್ರೋ!”

ಕುರ್ಚಿ ಮಗುಚಿತು. ರಾಯರು ಕಾಗದ, ಚಪ್ಪಲಿ ಎರಡನ್ನೂ ಬಿಟ್ಟು ಹೊಳೆಗೆ ಬಿದ್ದು ಓಡಿದರು. ಅವರಿಗಿಂತ ಮುಂದೆ ರಾಮಯ್ಯ. ಅಂದು ಮದ್ದೇ ಇಟ್ಟಿಲ್ಲವೆಂದು ಅವನಿಗೆ ಗೊತ್ತಿತ್ತು, ಅವನ ಕಾಲಿಗೆ ಗೊತ್ತಿರಲಿಲ್ಲ. ಕೂಲಿಗಳು ಕದಲಲಿಲ್ಲ. ಮದ್ದಿಡುವವರು ಅವರೇ.

“ಬರೀ ಸದ್ದು ಬುದ್ದೀ! ಯಾಕ್ ಓಡ್ತೀರಾ? ಕೂತ್ಕೊಂಡ್ ಬರೀರಿ!”

ಕೂಲಿಗಳು ರಾಮಯ್ಯನ ಹಾರೆ, ಗುದ್ದಲಿ ಎತ್ತಿಕೊಂಡು ಕೆಂಚಪ್ಪನ ಗುಡಿಸಲಿದ್ದ ಕಡೆ ನಡೆದರು. ಪೊಲೀಸರನ್ನು ಕರೆಸುತ್ತೇನೆಂದು ಅವನು ಆಚೆ ದಡದಿಂದ ಅರಚುತ್ತಿದ್ದ. ಈಚೆ ಬರಲು ಮಾತ್ರ ಧೈರ್ಯ ಸಾಲಲಿಲ್ಲ.

ಎದೆಮಟ್ಟ ಮಣ್ಣು ತೆಗೆದಾಗ ಕಂಬಳಿಯ ಅಂಚು ಕಂಡಿತು. ಬೋರಮ್ಮ ಬಾವುಟ ಬಿಸಾಡಿ ಗುಂಡಿಗಿಳಿದಳು.

“ಮೆಲ್ಲಗ್ ಅಗೀರೋ,” ಎಂದಳು. “ಅವ್ನಿಗೆ ತಾಗೀತು.”