ಈ ವರ್ಷ ಬೆಳಗದ ತಾರೆ

ಭಾನುವಾರ ಮಧ್ಯಾಹ್ನ ನಮ್ಮೂರು ರ‍್ಯಾನ್‌ಫರ್ಲಿಯ ಸಭಾಭವನದ ಗೋಡೆಗೆ ದೊಡ್ಡ ಚೌಕಳಿ ಕಾಗದ ಹಾಕಿದ್ದೆವು. ಮಂಕಾಗಿ, ಮತ್ತೆ ಬೆಳಗಿ, ಮತ್ತೆ ಮಂಕಾಗುವ ಒಂದು ಕೆಂಪು ತಾರೆಯ ವರ್ಷದ ಲೆಕ್ಕ ಅದು. ಊರಿನವರು ವರ್ಷವಿಡೀ ಅದನ್ನು ಅಕ್ಕಪಕ್ಕದ ತಾರೆಗಳಿಗೆ ಹೋಲಿಸಿ ಕಾಂತಿಯನ್ನು ಅಂದಾಜು ಮಾಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಅಂಟುಚುಕ್ಕೆ; ಕಾಂತಿ ಹೆಚ್ಚಿದಷ್ಟೂ ಚುಕ್ಕೆ ಮೇಲಕ್ಕೆ. ಎಲ್ಲವನ್ನೂ ಮರುದಿನ ಸಂಶೋಧಕರಿಗೆ ಕಳಿಸಬೇಕಿತ್ತು. ಹಸಿರು ನನ್ನ ಅಪ್ಪ ಲಾಕ್ಲನ್‌ನದು.

ಊರಿಗೆ ಆ ತಾರೆಯನ್ನು ತೋರಿಸಿಕೊಟ್ಟವನೇ ಅವನು. ಕಂಡದ್ದನ್ನು ಬರೆಯಿರಿ, ಕಾಣಬೇಕಾದದ್ದನ್ನಲ್ಲ ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ.

ಚುಕ್ಕೆ ಅಂಟಿಸುತ್ತಿದ್ದ ಬೇಕರಿಯ ನೈರಿ ನಡುವೆಯೇ ಕೈ ನಿಲ್ಲಿಸಿದಳು. ಈ ಸಲ ತಾರೆ ಬೆಳಗಿರಲೇ ಇಲ್ಲ. ಅಪರೂಪಕ್ಕೆ ಹಾಗಾಗುವುದುಂಟಂತೆ, ನಮ್ಮಲ್ಲಿ ಯಾರೂ ಕಂಡವರಿರಲಿಲ್ಲ. ಎಲ್ಲರ ಚುಕ್ಕೆಗಳೂ ಕಾಗದದ ತಳದಲ್ಲೇ ತೆವಳಿದ್ದವು. ಹಸಿರು ಮಾತ್ರ ಪ್ರತಿ ಸಲದಂತೆ ನಯವಾಗಿ ಮೇಲೇರಿ ತುದಿ ಮುಟ್ಟಿತ್ತು.

"ಯಾರಪ್ಪ ಈ ಹಸಿರು? ನಮಗ್ಯಾರಿಗೂ ಕಾಣ್ದೇ ಇದ್ದದ್ದು ಇವರೊಬ್ರಿಗೇ ಕಾಣ್ತಂತಾ?" ಎಂದಳು.

ಯಾರೋ ನಕ್ಕರು. ಹಸಿರು ಯಾರದೆಂದು ನೆನಪಾದೊಡನೆ ನೈರಿ ಚಹಾ ಕಾಯಿಸುವ ನೆಪದಲ್ಲಿ ಒಳಗೆ ಹೋದಳು.

ಜುಲೈನ ಚಳಿಗಾಲದಲ್ಲಿ ಅಪ್ಪ ಬಟ್ಟಲಿನ ಪಕ್ಕಕ್ಕೆ ಹಾಲು ಸುರಿದದ್ದು, ಗೇಟಿಗೆ ಮೊಣಕಾಲು ತಾಗಿಸಿಕೊಂಡದ್ದು, ಕಾರು ಮಾರಿಬಿಡು ಎಂದದ್ದು ಒಂದೊಂದಾಗಿ ಬಂದು ನನ್ನ ಮುಂದೆ ನಿಂತವು. ವಯಸ್ಸಾಯಿತಲ್ಲ ಅಂದುಕೊಂಡಿದ್ದೆ. ಕಣ್ಣು ಮಂಜಾಗಿ ಅವನು ತಾರೆಯನ್ನು ನೋಡಿಯೇ ಇರಲಿಲ್ಲ. ಹಿಂದಿನ ವರ್ಷಗಳ ಏರಿಳಿತವನ್ನು ಬಾಯಿಪಾಠ ಒಪ್ಪಿಸಿದ್ದ.

ಆ ಚುಕ್ಕೆಗಳು ಹಾಗೆಯೇ ಹೋದರೆ ತಾರೆಯ ಲೆಕ್ಕ ಕೆಡುತ್ತದೆ. ಇನ್ನೊಬ್ಬರ ಚುಕ್ಕೆಯನ್ನು ನಾವು ಮುಟ್ಟುವುದಿಲ್ಲ. ತೆಗೆ ಎಂದು ನೋಡಿದವರೇ ಹೇಳಬೇಕು. ಅವನಿಂದ ಆ ಮಾತು ಬರಬೇಕಾದರೆ ನನಗೆ ತಿಳಿದಿದೆ ಎಂಬುದು ಅವನಿಗೆ ತಿಳಿಯಬೇಕು.

ಅಪ್ಪ ಹೀಟರಿನ ಪಕ್ಕ, ತೊಡೆಯ ಮೇಲೆ ಸ್ಕೋನ್ ಬನ್ನು ಇದ್ದ ತಟ್ಟೆ ಇಟ್ಟುಕೊಂಡು, ಗೋಡೆಯತ್ತ ಮುಖ ಮಾಡಿ ಕುಳಿತಿದ್ದ. ನನ್ನ ಹೆಜ್ಜೆ ಗುರುತಿಸಿದ.

"ಹೇಗ್ ಬಂದಿದೆ ಮಗಳೇ, ನನ್ನ ಗೆರೆ?"

ಚೆನ್ನಾಗಿದೆ ಎನ್ನಬಹುದಿತ್ತು. ಪಕ್ಕದಲ್ಲಿ ಕೂತೆ.

"ಅಪ್ಪಾ, ಈ ಸಲ ಅದು ಬೆಳಗ್ಲಿಲ್ಲ."

ಅವನ ಬೆರಳು ತಟ್ಟೆಯ ಅಂಚನ್ನು ಸುತ್ತುತ್ತಿತ್ತು. ನಿಂತಿತು.

"ಒಂಚೂರೂ ಇಲ್ವಾ?"

"ಇಲ್ಲ."

ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಅದು ಹಾಗೆ ಸುಮ್ನಾಗೋದನ್ನ ಒಂದ್ಸಲ ನೋಡ್ಬೇಕು ಅಂತ ಎಷ್ಟ್ ವರ್ಷ ಕಾದಿದ್ದೆ," ಎಂದ.

ನಾನು ಅವನ ಕೈಯಿಂದ ತಟ್ಟೆ ತೆಗೆದುಕೊಂಡೆ.

"ತೆಗೆದ್ಬಿಡು," ಎಂದ.

"ಎಲ್ಲಿಂದ ತೆಗೀಲಿ ಅಪ್ಪ?"

"ಈಸ್ಟರ್ ಆದ್ಮೇಲಿಂದ."

ಈಸ್ಟರಿನಿಂದ ಈಚೆಗೆ ಪ್ರತಿ ಭಾನುವಾರ ನಾನು ಅವನ ಎದುರು ಕೂತು ಉಂಡಿದ್ದೆ.

ಗೋಡೆಯ ಬಳಿ ಹೋದೆ. ಎಲ್ಲರೂ ಬೇರೆಲ್ಲೋ ನೋಡುತ್ತಿದ್ದರು. ತುದಿಯಿಂದ ಒಂದೊಂದಾಗಿ ಕಿತ್ತೆ. ಕಾಗದದ ಸಿಪ್ಪೆ ಉಗುರಿಗೆ ಬಂತು. ಈಸ್ಟರಿಗೆ ಮುಂಚಿನ ಕೊನೆಯ ಹಸಿರು ಚುಕ್ಕೆ ಎಲ್ಲರ ಚುಕ್ಕೆಗಳ ಜೊತೆ ಕೆಳಗೇ ಇತ್ತು. ಅದರ ಒಂದು ಅಂಚು ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ.