ಮಲಗಿದವನನ್ನು ಎಬ್ಬಿಸಿ

ನಮ್ಮದು ಬ್ರೆಡ್ ಮಾಡುವ ಮನೆ. ಊರು ಮಲಗುವ ಹೊತ್ತಿಗೆ ನಮ್ಮ ಒಲೆ ಹೊತ್ತಿಕೊಳ್ಳುತ್ತದೆ, ಊರು ಏಳುವ ಹೊತ್ತಿಗೆ ನಾವು ಹಾಸಿಗೆ ಹುಡುಕುತ್ತೇವೆ. ಹಾಗಾಗಿ ಇಲ್ಲಿ ಒಂದೇ ಕಟ್ಟುನಿಟ್ಟು: ಹಗಲು ಮಲಗಿದವರನ್ನು ಎಬ್ಬಿಸಕೂಡದು. ಪಾತ್ರೆ ಸದ್ದಾದರೂ ಅತ್ತೆ ಕಣ್ಣು ಕೆಕ್ಕರಿಸುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಸೀನುವುದಕ್ಕೂ ಹಿತ್ತಿಲಿಗೆ ಓಡುತ್ತಿದ್ದೆ.

ಆದರೆ ಮೈದುನ ಮಲಗಿದರೆ ನನಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಅವನ ಚಟ ಒಲೆಯಲ್ಲಿ ಕೈ ಸುಟ್ಟುಕೊಂಡಾಗ ನೋವಿಗೆಂದು ಕೊಟ್ಟ ಮಾತ್ರೆಯಿಂದ ಶುರುವಾಗಿದ್ದು. ಗಾಯ ಮಾಯ್ದರೂ ಮಾತ್ರೆ ಬಿಡಲಿಲ್ಲ, ಆಮೇಲೆ ಅದು ಸಾಲದೆ ಸೂಜಿಗೆ ಬಂತು. ಚಿಕಿತ್ಸಾ ಕೇಂದ್ರದಲ್ಲಿ ಕೆಲವು ತಿಂಗಳು ಇದ್ದು, ಮೊನ್ನೆ ಮೊನ್ನೆ ಮನೆಗೆ ಬಂದಿದ್ದ. ಮುಖದಲ್ಲಿ ಕಳೆ ಬಂದಿತ್ತು, ಹಿಟ್ಟು ನಾದುತ್ತಾ ಶಿಳ್ಳೆ ಹಾಕುತ್ತಿದ್ದ. ಅತ್ತೆ ಮಾತ್ರ ಮಗ ಪರವೂರಲ್ಲಿ ಕೆಲಸಕ್ಕಿದ್ದ ಎಂದು ಬೀದಿಗೆಲ್ಲ ಹೇಳಿದ್ದರು. ಕೇಳಿದವರಿಗೆ ಆ ಊರಿನ ಹವೆಯನ್ನೂ ಬಣ್ಣಿಸುತ್ತಿದ್ದರು.

ನಿಜ ಗೊತ್ತಿದ್ದದ್ದು ಪಕ್ಕದ ಮನೆಯ ನರ್ಸಕ್ಕನಿಗೆ. ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬಂದವರು, ಗಿರಾಕಿಗಳು ಹೋಗುವ ತನಕ ಕಾದು, ಮೂಗಿಗೆ ಸಿಂಪಡಿಸುವ ಔಷಧಿಯ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟರು. ಹೆಸರು ನಲೊಕ್ಸೋನ್. ಅಫೀಮಿನ ಜಾತಿಯ ಡ್ರಗ್ಸ್ ಮಿತಿಮೀರಿ ಉಸಿರು ನಿಲ್ಲುವ ಹಾಗಾದರೆ ಇದು ಉಸಿರನ್ನು ಮರಳಿ ತರುತ್ತದೆ ಎಂದರು. ಬಿಟ್ಟು ಬಂದವನಿಗೆ ಇದೆಲ್ಲ ಯಾಕೆ ಎಂದು ಅತ್ತೆ ಮುಖ ತಿರುಗಿಸಿದರು.

"ಬಿಟ್ಟು ಬಂದಿದ್ದಕ್ಕೇ ಅಮ್ಮ. ಈಗ ಅವನ ಮೈಗೆ ಅಭ್ಯಾಸ ತಪ್ಪಿದೆ. ಒಂದು ಸಲ ಕಾಲು ಜಾರಿ ಮೊದಲಿನಷ್ಟೇ ತಗೊಂಡರೂ ಜೀವಕ್ಕೆ ಕುತ್ತು."

"ಇದನ್ನ ಮನೇಲಿಟ್ಟರೆ, ತಗೋ ಮಗನೇ ಅಂತ ನಾವೇ ಧೈರ್ಯ ಕೊಟ್ಟ ಹಾಗಲ್ವಾ? ನೋಡಿದವರು ಏನಂದ್ಕೋತಾರೆ?"

ನರ್ಸಕ್ಕ ಅಂಗಡಿ ಬಾಗಿಲ ಬಳಿ ಬೆಂಕಿ ಆರಿಸಲೆಂದು ಇಟ್ಟಿದ್ದ ಮರಳಿನ ಬಕೆಟ್ಟಿನ ಕಡೆ ಕೈ ತೋರಿಸಿ, "ಇದನ್ನ ಇಟ್ಟಿದ್ದೀರಿ ಅಂತ ಯಾರಾದರೂ ಅಂಗಡಿಗೆ ಬೆಂಕಿ ಹಚ್ಚಿದಾರಾ?" ಎಂದರು.

ಅತ್ತೆ ಪೊಟ್ಟಣವನ್ನು ನರ್ಸಕ್ಕನ ಚೀಲಕ್ಕೇ ತುರುಕಿದರು. ನನಗೆ ಮೈಯೆಲ್ಲ ಉರಿಯಿತು. ನರ್ಸಕ್ಕ ಬೇಸರ ಮಾಡಿಕೊಳ್ಳಲಿಲ್ಲ, ಗುರುತುಗಳನ್ನು ಹೇಳಿಕೊಟ್ಟೇ ಹೋದರು. ಕೂಗಿದರೂ ಅಲುಗಾಡಿಸಿದರೂ ಏಳುವುದಿಲ್ಲ. ಉಸಿರು ತೀರಾ ನಿಧಾನ, ಗಂಟಲಲ್ಲಿ ಗೊರಗೊರ ಸದ್ದು. ತುಟಿ, ಉಗುರು ನೀಲಿಯೋ ಬೂದುಬಣ್ಣವೋ ಆಗುತ್ತವೆ. ಎಷ್ಟೋ ಮನೆಗಳಲ್ಲಿ ಅದನ್ನೇ ಗಾಢ ನಿದ್ದೆ ಅಂದುಕೊಂಡು ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾರಂತೆ.

ಅಂದಿನಿಂದ ಅವನು ಮಲಗಿದಾಗಲೆಲ್ಲ ನನ್ನ ಕಿವಿ ಬಾಗಿಲ ಮೇಲೆ. ಅತ್ತೆ ತುಟಿಗೆ ಬೆರಳಿಟ್ಟು ನನ್ನನ್ನು ಅಟ್ಟುತ್ತಿದ್ದರು.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಒಂದು ದಿನ ಹಳೇ ಗಿರಾಕಿಯೊಬ್ಬ ಮೈದುನನ ಕೈಯಿಂದ ಬ್ರೆಡ್ ತೆಗೆದುಕೊಳ್ಳಲಿಲ್ಲ. "ನಿಮ್ಮಣ್ಣನ್ನ ಕರಿ" ಎಂದು ಎಲ್ಲರೆದುರೇ ಅಂದ. ಮೈದುನ ಏಪ್ರನ್ ಬಿಚ್ಚಿಟ್ಟು ಹೊರಗೆ ಹೋದ. ಮಧ್ಯಾಹ್ನ ಬಂದವನು ಯಾರನ್ನೂ ಮಾತಾಡಿಸದೆ ಕೋಣೆ ಸೇರಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ನಾನು ಬಾಗಿಲಿಗೆ ಕೈ ಹಾಕಿದೆ. ಅತ್ತೆ ನನ್ನ ರಟ್ಟೆ ಹಿಡಿದು, ಮನಸ್ಸಿಗೆ ನೋವಾಗಿದೆ, ಮಲಗಲಿ ಬಿಡು ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಆ ಹಿಡಿತ ತಾನೇ ಸಡಿಲವಾಯಿತು. ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಇದು ಅವನ ಗೊರಕೆ ಅಲ್ಲ ಕಣೇ."

ಒಳಗೆ ನುಗ್ಗಿದೆವು. ಅವನ ತುಟಿ ನೀಲಿಯಾಗಿತ್ತು. ನಾನು ಹೆಸರು ಹಿಡಿದು ಕೂಗಿದೆ, ನರ್ಸಕ್ಕ ಹೇಳಿಕೊಟ್ಟಂತೆ ಎದೆಯ ನಡುಮೂಳೆಯನ್ನು ಬೆರಳ ಗೆಣ್ಣಿನಿಂದ ಬಲವಾಗಿ ಉಜ್ಜಿದೆ, ಕಣ್ಣು ತೆರೆಯಲಿಲ್ಲ. ಸದ್ದಿಗೆ ನನ್ನ ಗಂಡ ಎದ್ದು ಬಂದು ಆಂಬುಲೆನ್ಸಿಗೆ ಫೋನ್ ಮಾಡಿದರು. ನೋಡಿದರೆ ಅತ್ತೆ ಇಲ್ಲ. ಹಗಲಲ್ಲಿ ಪಿಸುಮಾತಿಗಿಂತ ದನಿ ಏರಿಸದ ಆ ಹೆಂಗಸು ನಡುಬೀದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು.

"ನರ್ಸಮ್ಮಾ, ಆ ಔಷಧಿ ತಗೊಂಡು ಬಾ. ನನ್ನ ಮಗ ಡ್ರಗ್ಸ್ ತಗೊಂಡಿದಾನೆ, ಏಳ್ತಾ ಇಲ್ಲ."

ಬೀದಿಯ ಕಿಟಕಿಗಳೆಲ್ಲ ತೆರೆದವು. ನರ್ಸಕ್ಕ ಬರಿಗಾಲಲ್ಲೇ ಓಡಿ ಬಂದರು. ಒಂದು ಹೊಳ್ಳೆಗೆ ಔಷಧಿ ಸಿಂಪಡಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಊದಿದರು. ನಾನು ನೀರಿನ ಚೊಂಬು ತಂದರೆ ಬೇಡ ಎಂದು ಸನ್ನೆ ಮಾಡಿದರು. ಆಮೇಲೆ ಅವನು ತಾನೇ ಉದ್ದಕ್ಕೆ ಉಸಿರೆಳೆದ. ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ನರ್ಸಕ್ಕ ಹೇಳಿದರು: ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು, ಔಷಧಿಯ ಬಲ ಇಳಿದರೆ ಉಸಿರು ಮತ್ತೆ ನಿಲ್ಲಬಹುದು.

ಆ ಹಳೇ ಗಿರಾಕಿ ಈಗ ಬರುವುದಿಲ್ಲ, ಬೇಡ ಬಿಡಿ. ಕೆಳಬೀದಿಯ ದರ್ಜಿ ಮಾತ್ರ ಒಂದು ಸಂಜೆ ಬ್ರೆಡ್ ಕೊಂಡ ಮೇಲೂ ಹೋಗದೆ ನಿಂತಿದ್ದ. ಮಗಳಿಗೆ ಬೇಕಾಗಿತ್ತು, ಆ ಔಷಧಿ ಎಲ್ಲಿ ಸಿಗುತ್ತದೆ ಎಂದು ಮೆಲ್ಲಗೆ ಕೇಳಿದ. ಅತ್ತೆ ದನಿ ತಗ್ಗಿಸದೆಯೇ ಎಲ್ಲ ಹೇಳಿದರು. ಹೊಸದಾಗಿ ತಂದ ನಮ್ಮ ಪೊಟ್ಟಣ ಈಗ ಮರಳಿನ ಬಕೆಟ್ಟಿನ ಮೇಲೆ, ಎಲ್ಲರಿಗೂ ಕಾಣುವ ಮೊಳೆಯಲ್ಲಿ ತೂಗುತ್ತಿದೆ.

ಮೈದುನ ಮತ್ತೆ ಚಿಕಿತ್ಸೆಗೆ ಹೋಗುತ್ತಿದ್ದಾನೆ. ಹಗಲು ಅವನು ಮಲಗಿದರೆ ಅತ್ತೆಯೇ ಹೋಗಿ ಭುಜ ಹಿಡಿದು ಅಲ್ಲಾಡಿಸುತ್ತಾರೆ. "ಬದುಕಿದೀನಿ ಕಣಮ್ಮ, ಮಲಗೋಕೆ ಬಿಡು" ಎಂದು ಅವನು ಗೊಣಗುತ್ತಾನೆ. "ಇನ್ನೊಂದು ಸಲ ಗೊಣಗು" ಎನ್ನುತ್ತಾರೆ ಅತ್ತೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರೊಬ್ಬರಿದ್ದರೆ ಅವರನ್ನು ಬಚ್ಚಿಡಬೇಡಿ, ಹೀಯಾಳಿಸಬೇಡಿ. ಔಷಧಿ ಎಲ್ಲಿ ಸಿಗುತ್ತದೆ, ಹೇಗೆ ಕೊಡಬೇಕು ಎಂದು ಇವತ್ತೇ ಆರೋಗ್ಯ ಕೇಂದ್ರದಲ್ಲಿ ಕೇಳಿ. ಗೊರಗೊರ ಸದ್ದು ಕೇಳಿದರೆ ಒಳಗೆ ಹೋಗಿ. ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ, ಔಷಧಿ ಕೊಡಿ, ಆಂಬುಲೆನ್ಸ್ ಬರುವ ತನಕ ಬಿಟ್ಟು ಕದಲಬೇಡಿ. ಸುಮ್ಮನೆ ಮಲಗಿದ್ದವರಾದರೆ ಬೈಯುತ್ತಾರೆ, ಬೈಸಿಕೊಳ್ಳಿ. ಎಬ್ಬಿಸಿ.