ನಿಂತು ಹೆಚ್ಚುವ ಚೂರಿ

ಇದಿನಬ್ಬನ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಶಶಿಪ್ರಭಾಳ ಬಾಯಿ ಶುರುವಾಗಿತ್ತು.

"ಸಾಯ್ಬರೆ, ಇದು ಚೂರಿಯಾ, ನಾಲಗೆ ಕೆರೆಯುವ ಕಡ್ಡಿಯಾ?"

ಮಂಗಳವಾರ ಅರವತ್ತು ರೂಪಾಯಿಗೆ ಕೊಂಡುಹೋಗಿದ್ದ ಹಳದಿ ಹಿಡಿಯ ಚೂರಿಯನ್ನು ಅವಳು ಮೇಜಿನ ಮೇಲೆ ಕುಕ್ಕಿದಳು. ಅದರ ಅಲಗು ಬಿಲ್ಲಿನ ಹಾಗೆ ಬಾಗಿತ್ತು. ಬೆಳ್ತಂಗಡಿ ಪೇಟೆಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದ ಇದಿನಬ್ಬ ಇಂಥ ಬಾಯಿಗೆಲ್ಲ ಹೆದರುವವನಲ್ಲ. ಕನ್ನಡಕ ಏರಿಸಿ ಚೂರಿಯನ್ನು ನೋಡಿದ.

"ಇದು ಟೊಮೆಟೊ ಕೊಯ್ಲಿಕ್ಕೆ ಇರುವುದು ಅಕ್ಕ. ನೀವು ಎಂಥ ಕಡಿದದ್ದು, ಮರವಾ?"

"ಕುಂಬಳಕಾಯಿ."

"ಹಾಗಾದ್ರೆ ತಪ್ಪು ಕುಂಬಳಕಾಯಿದ್ದು."

"ತಮಾಷೆ ಬೇಡ. ಆದಿತ್ಯವಾರಕ್ಕೆ ನನಗೊಂದು ನೆಟ್ಟಗಿನ ಚೂರಿ ಬೇಕು. ಇಲ್ಲದಿದ್ರೆ ನನ್ನ ಕೆಲಸ ಹೋಗ್ತದೆ."

ವಿಷಯ ಇಷ್ಟೇ. ಹೇಮಚಂದ್ರರ ಕೇಟರಿಂಗಿನಲ್ಲಿ ಶಶಿಪ್ರಭಾ ಇಪ್ಪತ್ತೆಂಟು ವರ್ಷದಿಂದ ತರಕಾರಿ ಹೆಚ್ಚುವವಳು. ಹೆಚ್ಚುವುದು ಮೆಟ್ಟುಕತ್ತಿಯಲ್ಲಿ. ನೆಲದಲ್ಲಿ ಕೂತು, ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಮಣೆಯಿಂದ ಮೇಲೆದ್ದ ಅಲಗಿಗೆ ಎರಡೂ ಕೈಯಿಂದ ತರಕಾರಿ ಒತ್ತಿದರೆ ಆಯಿತು. ಕತ್ತಿ ಅಲುಗಾಡುವುದಿಲ್ಲ, ಅಲುಗಾಡುವುದು ಕೈ. ಅವಳು ಕತ್ತಿಯನ್ನು ನೋಡುತ್ತಲೂ ಇರಲಿಲ್ಲ. ಲಾಯಿಲದಿಂದ ವಾಮದಪದವಿನವರೆಗಿನ ಎಲ್ಲರ ಮನೆ ಸುದ್ದಿ ಮಾತಾಡುತ್ತ, ನಡುವೆ ಯಾರಿಗಾದರೂ ಬೈಯುತ್ತ, ಇಪ್ಪತ್ತು ಕಿಲೋ ತೊಂಡೆಕಾಯಿಯನ್ನು ಕಡ್ಡಿ ಕಡ್ಡಿಯಾಗಿ ಸೀಳಿ ಹಾಕುತ್ತಿದ್ದಳು. ಮದುವೆಯೂಟದಲ್ಲಿ ತೊಂಡೆಕಾಯಿ ಗೇರುಬೀಜದ ಪಲ್ಯ ಬಡಿಸಿದಾಗ, "ಇದು ಶಶಿಯಕ್ಕನ ಕೈ" ಎಂದು ಗುರುತು ಹಿಡಿಯುವವರಿದ್ದರು.

ಈಗ ಹೇಮಚಂದ್ರರ ಸೊಸೆ ಗ್ರೀಷ್ಮಾ ಅಡುಗೆಮನೆ ನೋಡಿಕೊಳ್ಳುತ್ತಿದ್ದಾಳೆ. ಸ್ಟೀಲಿನ ಉದ್ದ ಮೇಜುಗಳು ಬಂದಿವೆ. ತಪಾಸಣೆಯವರು ಬರುತ್ತಾರಂತೆ. ಆಹಾರ ನೆಲದಲ್ಲಿ ಇರಬಾರದು, ಕಾಲಿನ ಹತ್ತಿರ ಅಂತೂ ಇರಲೇಬಾರದು. ಬರುವ ಆದಿತ್ಯವಾರದಿಂದ ಎಲ್ಲರೂ ನಿಂತೇ ಹೆಚ್ಚಬೇಕು. ಅಲಗು ಮಾತ್ರ ಮೊದಲಿನಿಂದಲೂ ಅವರವರದ್ದೇ. ಮೆಟ್ಟುಕತ್ತಿಯನ್ನು ಮನೆಯಿಂದ ತರುತ್ತಿದ್ದ ಹಾಗೆ ಇನ್ನು ಚೂರಿಯನ್ನು ತರಬೇಕು. ಆಗದವರಿಗೆ ಪಾತ್ರೆ ತೊಳೆಯುವ ಕಡೆ ಜಾಗ ಉಂಟು, ಸಂಬಳ ಮೂರನೇ ಒಂದು ಪಾಲು ಕಡಿಮೆ. ಶಶಿಪ್ರಭಾಳ ಗಂಡ ಭೋಜ ಸೊಂಟ ಬಿದ್ದು ಮೂರು ವರ್ಷದಿಂದ ಮನೆಯಲ್ಲೇ ಇದ್ದಾನೆ. ಆ ಒಂದು ಪಾಲು ಹೋದರೆ ಹೋಗುವುದು ಅವನ ಮದ್ದೇ.

ಇದಿನಬ್ಬ ಒಂದೊಂದೇ ಚೂರಿ ತೆಗೆದು ಇಟ್ಟ. ನಾನೂರೈವತ್ತರದ್ದು, ಒಂಬೈನೂರರದ್ದು, ಜಪಾನಿನದ್ದು ಎಂದು ಡಬ್ಬಿಯ ಮೇಲೆ ಬರೆದದ್ದು. ಅವಳು ಪ್ರತಿಯೊಂದರ ಬಾಯಿಗೂ ಹೆಬ್ಬೆರಳಿನ ಉಗುರು ತಾಗಿಸಿ ನೋಡಿದಳು. ಬೆಲೆ ಕೇಳಿ ಪ್ರತಿಯೊಂದನ್ನೂ ಬಿಸಿ ಪಾತ್ರೆ ಇಡುವ ಹಾಗೆ ಕೆಳಗಿಟ್ಟಳು.

"ನನ್ನ ಹತ್ರ ಇರುವುದು ಮುನ್ನೂರು. ಮತ್ತೆ ನೀವು ಮೋಸ ಮಾಡಿದ ಅರವತ್ತು."

"ಮೋಸ ಅಂತೆ! ಬಾಗಿದ ಚೂರಿಯನ್ನು ನಾನು ಯಾರಿಗೆ ಮಾರಲಿ ಅಕ್ಕ, ಕುಡುಗೋಲು ಅಂತ ಹೇಳಿ ಮಾರಲಾ?" ಎಂದವನು ಬಗ್ಗಿ, ಕೆಳಗಿನ ಖಾನೆಯಿಂದ ಕಾಗದ ಸುತ್ತಿದ ಒಂದನ್ನು ಎಳೆದ. ಅಗಲ ಅಲಗು, ಮರದ ಹಿಡಿ, ಕೈಯಲ್ಲಿ ಹಿಡಿದರೆ ತೂಕ ತಿಳಿಯುವಂಥದ್ದು. "ಇದರ ಹಿಡಿಯ ಒಂದು ಮೊಳೆ ಸಡಿಲ ಉಂಟು. ಅದಕ್ಕೇ ಯಾರೂ ತಕೊಳ್ಳಲಿಲ್ಲ. ಕಬ್ಬಿಣ ಮಾತ್ರ ಒಂದನೇ ನಂಬ್ರ. ಮುನ್ನೂರು ಕೊಡಿ, ಆ ಅರವತ್ತು ನನ್ನ ಕರ್ಮಕ್ಕೆ ಹೋಯ್ತು."

ಶಶಿಪ್ರಭಾ ಹಿಡಿಯನ್ನು ಅಲುಗಿಸಿ ನೋಡಿದಳು. ಕಿಟಿ ಕಿಟಿ ಎಂದಿತು. ಆದರೂ ಅಲಗು ಅಲಗೇ. ಮುನ್ನೂರು ಎಣಿಸಿ ಕೊಟ್ಟು, ಯಾರಾದರೂ ಕಸಿದುಕೊಂಡಾರೋ ಎಂಬಂತೆ ಚೂರಿಯನ್ನು ಚೀಲದ ತಳಕ್ಕೆ ತುರುಕಿ ಮೆಟ್ಟಿಲಿಳಿದಳು. ಆ ಸಂಜೆ ಲಾಯಿಲದ ಮನೆಗೆ ನಡೆಯುವಾಗ ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಅದೇ ಒಂದು ಅಪರೂಪ.

ಮಾರನೇ ದಿನ ಅರ್ಧ ಕಿಲೋ ತೊಂಡೆಕಾಯಿ ತಂದು ಅಡುಗೆಕಟ್ಟೆಯ ಮುಂದೆ ನಿಂತಳು. ಮೊದಲನೆಯದು ಚೂರಿಯ ಅಡಿಯಿಂದ ಜಾರಿ ಉರುಳಿ ಒಲೆಯ ಹಿಂದೆ ಹೋಯಿತು. ಎರಡನೆಯದು ಅಡ್ಡ ತುಂಡಾಯಿತು. ಮೂರನೆಯದರಲ್ಲಿ ಅವಳಿಗೇ ಗೊತ್ತಾಗದೆ ಬಲಗೈ ಚೂರಿಯನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟಿತು, ಎಡಗೈ ತೊಂಡೆಕಾಯಿಯನ್ನು ಅದರ ಬಾಯಿಗೆ ದೂಡಿತು. ಹೆಬ್ಬೆರಳು ಸೀಳಿತು.

"ಎಂಥ ಆಯ್ತು?" ಭೋಜ ಮಂಚದಿಂದ ಕೇಳಿದ.

"ಎಂಥದೂ ಇಲ್ಲ. ಚೂರಿಗೆ ಹರಿತ ಇಲ್ಲ."

"ಹರಿತ ಇಲ್ಲದ್ದು ಕೈ ಕೊಯ್ತದಾ?"

"ನೀವು ಸುಮ್ಮನೆ ಮಲಗಿ!"

ಬೆರಳಿಗೆ ಬಟ್ಟೆ ಸುತ್ತಿ ಮತ್ತೆ ನಿಂತಳು. ಅರ್ಧ ಕಿಲೋ ಮುಗಿಯುವಾಗ ಒಂದು ಗಂಟೆ ಕಳೆದಿತ್ತು. ಕೆಲವು ಕಡ್ಡಿ ಪೆನ್ಸಿಲಿನಷ್ಟು ದಪ್ಪ, ಕೆಲವು ಬರೀ ಸಿಪ್ಪೆ. ಮತ್ತೆ ನಿಂತ ಮೇಲೆ ಅವಳು ಒಂದು ಮಾತೂ ಆಡಿರಲಿಲ್ಲ. ಆಡಿದರೆ ಕೈ ತಪ್ಪುತ್ತಿತ್ತು. ಭೋಜ ಎರಡು ಸಲ ಕತ್ತು ಎತ್ತಿ, ಹೆಂಡತಿ ಒಳಗೆ ಇದ್ದಾಳೋ ಇಲ್ಲವೋ ಎಂದು ನೋಡಿದ.

ಶನಿವಾರ ಬೆಳಿಗ್ಗೆ ಮತ್ತೆ ಇದಿನಬ್ಬನ ಅಂಗಡಿ.

"ಸಾಯ್ಬರೆ, ಒಂದನೇ ನಂಬ್ರ ಅಂತ ಹೇಳಿ ಸಾಣೆ ಹಿಡಿಯದ್ದನ್ನು ಕೊಟ್ಟಿದ್ದೀರಿ. ಇದರಲ್ಲಿ ಬಾಳೆಹಣ್ಣು ಕೂಡ ತುಂಡಾಗುದಿಲ್ಲ."

ಇದಿನಬ್ಬ ಜಗಳಕ್ಕೆ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆಂದು ಇಟ್ಟಿದ್ದ ಮುಳ್ಳುಸೌತೆಯೊಂದನ್ನು ತೆಗೆದು, ರಟ್ಟಿನ ಮೇಲಿಟ್ಟು, ಅವಳ ಚೂರಿಯಿಂದ ಬಿಲ್ಲೆ ಮಾಡತೊಡಗಿದ. ಅಡುಗೆಯವನಲ್ಲ ಅವನು, ಬರೀ ಪಾತ್ರೆ ಮಾರುವವನು. ಆದರೂ ಒಂದೊಂದು ಬಿಲ್ಲೆ ಎತ್ತಿ ಹಿಡಿದರೆ ಆಚೆ ಬದಿಯ ಬಸ್ಸು ಕಾಣುವಷ್ಟು ತೆಳ್ಳಗಿತ್ತು. ಶಶಿಪ್ರಭಾ ಅವನ ಕೈಯನ್ನೇ ನೋಡುತ್ತಿದ್ದಳು. ಚೂರಿ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಸೌತೆಕಾಯಿ ಇದ್ದಲ್ಲೇ ಇತ್ತು.

"ಚೂರಿ ಒಳ್ಳೆದುಂಟು ಅಕ್ಕ" ಎಂದ ಇದಿನಬ್ಬ ಮೆಲ್ಲಗೆ. ಚೂರಿಯನ್ನು ಒರೆಸಿ, ಕಾಗದ ಸುತ್ತಿ, ಹಿಡಿಯನ್ನು ಅವಳ ಕಡೆ ಮಾಡಿ ಕೊಟ್ಟ.

ಅವನು ಬೈದಿದ್ದರೆ ಒಳ್ಳೆಯದಿತ್ತು. ಬೈಗಳಿಗೆ ಅವಳ ಹತ್ತಿರ ಉತ್ತರ ಇತ್ತು. ಚೂರಿಯನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿದಳು.

ಆದಿತ್ಯವಾರ ಮೂಡಬಿದ್ರೆಯ ಒಂದು ಮದುವೆಗೆ ಎಂಟುನೂರು ಎಲೆ ಊಟ. ಬೆಳಗಾಗುವಾಗಲೇ ಸ್ಟೀಲು ಮೇಜಿನ ಎರಡು ಬದಿಯಲ್ಲೂ ಎಲ್ಲರೂ ನಿಂತಿದ್ದರು. ಪಕ್ಕದಲ್ಲಿ ನರಿಕೊಂಬಿನ ಮನೀಷ್, ಮುಂಬೈ ಹೋಟೆಲಿನಲ್ಲಿ ಹತ್ತು ವರ್ಷ ದುಡಿದು ಬಂದವನು. ಅವನ ಚೂರಿ ಮೇಜಿನ ಮೇಲೆ ಟಕ ಟಕ ಟಕ ಎಂದು ಹೊಲಿಗೆ ಮಿಶನಿನ ಹಾಗೆ ಓಡುತ್ತಿತ್ತು.

"ಎಂಥ ಶಶಿಯಕ್ಕ, ಇವತ್ತು ಸುದ್ದಿ ಇಲ್ವಾ? ಊರಲ್ಲಿ ಯಾರೂ ಓಡಿ ಹೋಗ್ಲಿಲ್ವಾ?"

"ನಿನ್ನ ಕೆಲಸ ನೋಡು ಮಾರಾಯ."

ಎಲ್ಲರೂ ನಕ್ಕರು. ಅವಳ ಮುಂದೆ ಇಪ್ಪತ್ತೈದು ಕಿಲೋ ತೊಂಡೆಕಾಯಿ ಇತ್ತು. ಅರ್ಧ ಗಂಟೆಯಲ್ಲಿ ಒಂದು ಕಿಲೋ ಆಗಿರಲಿಲ್ಲ. ಪಲ್ಯದ ಉರುಳಿ ಪಾತ್ರೆ ಒಲೆಗೆ ಏರಲು ಇನ್ನು ಎರಡೇ ಗಂಟೆ. ಬಟ್ಟೆ ಸುತ್ತಿದ ಬೆರಳಿನಿಂದ ಮತ್ತೆ ರಕ್ತ ಜಿನುಗುತ್ತಿತ್ತು. ಗ್ರೀಷ್ಮಾ ಎರಡು ಸಲ ಹಾದುಹೋಗಿ, ಎರಡು ಸಲವೂ ಅವಳ ಪಾತ್ರೆಯ ತಳವನ್ನೇ ನೋಡಿದಳು.

ಆಗ ಶಶಿಪ್ರಭಾ ಬುಟ್ಟಿಯನ್ನು ಎತ್ತಿಕೊಂಡು ಅಕ್ಕಿ ಮೂಟೆಗಳ ಹಿಂದಕ್ಕೆ ಹೋದಳು. ನೆಲದಲ್ಲಿ ಕೂತಳು. ಚೂರಿಯ ಹಿಡಿಯನ್ನು ಬಲಗಾಲಿನ ಅಡಿಯಲ್ಲಿ ಅಮುಕಿ ಹಿಡಿದು, ಅಲಗಿನ ಬಾಯಿಯನ್ನು ತನ್ನ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಸಡಿಲ ಹಿಡಿ ಕಿಟಿ ಎಂದಿತು, ಪಾದ ಒತ್ತಿದರೆ ನಿಂತಿತು. ತೊಂಡೆಕಾಯಿ ಎತ್ತಿ ಒತ್ತಿದಳು.

ಸೀಳಿತು. ನಾಲ್ಕು, ಎಂಟು, ಒಂದೇ ಸಮ. ಕೈ ತನ್ನ ಪಾಡಿಗೆ ಹೊರಟಿತು. ಅವಳು ಕಣ್ಣು ಎತ್ತಿ ಎದುರಿನ ಗೋಡೆ ನೋಡಿದಳು, ಬಾಯಿಯಲ್ಲಿ ಯಾವುದೋ ಬೈಗಳು ತಾನಾಗಿ ಬಂತು. ಒಂದೂವರೆ ಗಂಟೆಯಲ್ಲಿ ಬುಟ್ಟಿ ಬರಿದಾಗಿ, ಪಕ್ಕದ ಪಾತ್ರೆ ತುಂಬಿತು.

"ಶಶಿಯಕ್ಕ."

ಗ್ರೀಷ್ಮಾ ಮೂಟೆಯ ಪಕ್ಕ ನಿಂತಿದ್ದಳು. ನೋಡುತ್ತಿದ್ದದ್ದು ತೊಂಡೆಕಾಯಿಯನ್ನಲ್ಲ, ಪಾದವನ್ನು.

"ಅಮ್ಮ, ಕಾಲು ತೊಳೆದೇ ಕೂತದ್ದು. ನೋಡಿ, ಎಷ್ಟು ಚಂದ ಆಗಿದೆ."

"ಚಂದ ಆಗಿದೆ ಅಕ್ಕ. ಆದ್ರೆ ಇದನ್ನು ನಾನು ಜನರಿಗೆ ಹೇಗೆ ಬಡಿಸ್ಲಿ?" ಗ್ರೀಷ್ಮಾಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. "ಈಗ ತೊಂಡೆಕಾಯಿಗೆ ನಾನೆಲ್ಲಿ ಹೋಗ್ಲಿ?"

ಹೇಮಚಂದ್ರರು ಬಂದರು. ಇಪ್ಪತ್ತೆಂಟು ವರ್ಷ ಇದೇ ಕೈಯ ಪಲ್ಯ ಮಾರಿದವರು. ಪಾತ್ರೆಯೊಳಗಿಂದ ಒಂದು ಕಡ್ಡಿ ಎತ್ತಿ ಬೆಳಕಿಗೆ ಹಿಡಿದರು, ಮತ್ತೆ ಅದರೊಳಗೇ ಹಾಕಿದರು. ಸೊಸೆಯ ಮುಖ ನೋಡಿದರು.

"ಅಲಸಂಡೆ ಉಂಟಲ್ಲ, ಅದನ್ನೇ ಪಲ್ಯ ಮಾಡುವ. ಇದು ದನಕ್ಕೆ ಹೋಗ್ಲಿ" ಎಂದರು. ಆಮೇಲೆ, ನೆಲ ನೋಡುತ್ತ, "ಶಶಿ, ನೀನು ಇನ್ನು ಆಚೆ ನಲ್ಲಿಯ ಹತ್ರ ನಿಲ್ಲು."

ಅವಳು ಬೈಯಬೇಕೆಂದು ಬಾಯಿ ತೆರೆದಳು. ಯಾರಿಗೆ ಎಂದು ತಿಳಿಯಲಿಲ್ಲ. ಎದ್ದು, ನಲ್ಲಿ ತಿರುಗಿಸಿ, ಚೂರಿ ತೊಳೆದು ಕಟ್ಟೆಯ ಮೇಲಿಟ್ಟು, ಪಾತ್ರೆಯ ರಾಶಿಗೆ ಕೈ ಹಾಕಿದಳು. ಸಾಬೂನು ನೀರು ಬೆರಳಿನ ಗಾಯಕ್ಕೆ ಹೊಕ್ಕಿತು.

ಸ್ವಲ್ಪ ಹೊತ್ತಿಗೆ ಮನೀಷ್ ಬಂದ. ನಗು ಇರಲಿಲ್ಲ.

"ಅಕ್ಕ, ಅಲಸಂಡೆ ರಾಶಿ ಉಂಟು, ನನ್ನ ಚೂರಿಯ ಬಾಯಿ ಮೊಂಡಾಯ್ತು. ನಿಮ್ಮದು ತಕೊಳ್ಳಲಾ?" ಕೇಳುತ್ತಲೇ ಚೂರಿಯನ್ನು ಕೈಯಲ್ಲಿ ತೂಗಿ ನೋಡಿದ. "ಭಾರಿ ಒಳ್ಳೆ ಚೂರಿ. ಎಷ್ಟು ಕೊಟ್ಟದ್ದು?"

"ಮುನ್ನೂರು."

"ಮುನ್ನೂರಾ! ನೀವು ಗೆದ್ದಿರಿ ಅಕ್ಕ."

ಅವನು ಹೋದ. ಆಚೆ ಮೇಜಿನಿಂದ ಸದ್ದು ಶುರುವಾಯಿತು. ಟಕ ಟಕ ಟಕ, ಅದರ ನಡುವೆ ಸಣ್ಣದೊಂದು ಕಿಟಿ ಕಿಟಿ. ಉಳಿದ ಚೂರಿಗಳ ಸದ್ದಿನೊಳಗೆ ಅದೊಂದು ಅವಳಿಗೆ ಬೇರೆಯಾಗಿ ಕೇಳುತ್ತಿತ್ತು. ಅವನು ಇನ್ನೂ ಬೇಗ ಬೇಗ ಹೊಡೆಯತೊಡಗಿದ.

"ಮೆಲ್ಲ ಮಾರಾಯ! ಹಿಡಿ ಸಡಿಲ ಉಂಟು!" ಶಶಿಪ್ರಭಾ ಕೂಗಿದಳು.

ಅಷ್ಟರಲ್ಲಿ ಯಾರೋ ಗ್ರೈಂಡರ್ ಹಾಕಿದರು. ಅವನಿಗೆ ಕೇಳಲಿಲ್ಲ.